ಅನುಮತಿ ಇಲ್ಲವೆಂದವರು ಯಾರು?

ಇಂದು ಕೊಪ್ಪಳ ಜಿಲ್ಲೆಗೆ ಸೇರಿರುವ ನಮ್ಮ ಕುಷ್ಟಗಿ ತಾಲೂಕು ಒಂದು ಕಾಲಕ್ಕೆ ನಿಜಾಮರ ಹೈದರಾಬಾದು ಸಂಸ್ಥಾನದ ಗಡಿನಾಡಾಗಿತ್ತೆಂಬುದು ವಾಚಕರಿಗೆ ತಿಳಿದ ಸಂಗತಿಯೇ. ಗಡಿಯಾಚೆಗೆ ಮುಂಬಯಿ ಪ್ರಾಂತ. ತಾವರಗೇರಾದವರು ಗದಗಿನ ಪೇಟೆಗೆ ಸರಕು ಒಯ್ಯಬೇಕಾದರೆ ನಡುವೆ ಕರೋಡಗಿರಿಯ ನಾಕಾ, ಅಲ್ಲಿ ಸುಂಕ. ಕೈಯಲ್ಲಿದ್ದ ಹಾಲಿ ಸಿಕ್ಕಾ ರೂಪಾಯಿಯನ್ನು ಕಲ್ದಾರ್ ರೂಪಾಯಿಗೆ ಬದಲಿಸಿಕೊಳ್ಳಬೇಕು. ಸುಮಾರು 7 ಹಾಲಿಗೆ 6 ಕಲ್ದಾರ್. ಇಲ್ಲಿ ಪಹಣಿ ಎಂದದ್ದು ಅಲ್ಲಿ ಉತಾರ. ಎರಡೂ ಕಡೆಯ ಜನರ ಮಾತು ಕನ್ನಡವೇ. ದಫ್ತರಗಳು ಮಾತ್ರ ಬೇರೆ ಬೇರೆ. 1948ರಲ್ಲಿ ನಿಜಾಮರ ಆಳಿಕೆ ಮುಗಿಯಿತು, 1956ರಲ್ಲಿ ಕನ್ನಡನಾಡು ಒಂದಾಯಿತು, ನಾಕಾಗಳು ಹೋದವು.

ಕಂಪ್ಯೂಟರುಗಳ ಲೋಕದಲ್ಲಿ ಅಂಥ ಗಡಿಗಳು ಇನ್ನೂ ಉಳಿದಿವೆ. ಕಂಪ್ಯೂಟರಿನ ಸಕಲ ವ್ಯವಹಾರವನ್ನೂ ನಡೆಸುವ ಆಡಳಿತಕ್ಕೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ವಿಂಡೋಸ್ ಒಂದು ಸಂಸ್ಥಾನ, ಲಿನಕ್ಸ್ ಇನ್ನೊಂದು, ಆಪಲ್ ಕಂಪನಿಯ ಮ್ಯಾಕ್ ಮತ್ತೊಂದು. ಯಾವ ಫೈಲು ಯಾರದು, ಅದನ್ನು ಓದತಕ್ಕವರು ಯಾರು, ತಿದ್ದತಕ್ಕವರು ಯಾರು ಎಂಬುದನ್ನು ಒಂದೊಂದೂ ತನ್ನದೇ ಕ್ರಮದಲ್ಲಿ ಬರೆದಿಡುತ್ತದೆ. ಒಂದೇ ಕೋಣೆಯಲ್ಲಿ ಒಂದೇ ಜಾಲಕ್ಕೆ ಕಟ್ಟಿದ ಎರಡು ಯಂತ್ರಗಳು ಒಂದು ಫೋಲ್ಡರನ್ನು ಹಂಚಿಕೊಳ್ಳಹೊರಟಾಗ ಈ ಎರಡು ದಫ್ತರಗಳಿಗೆ ಹೊಂದಿಕೆಯಾಗದೆ, 'ಪ್ರವೇಶಕ್ಕೆ ಅನುಮತಿ ಇಲ್ಲ' ಎಂಬ ಒಂದು ಸಾಲು ತೆರೆಯ ಮೇಲೆ ಬಂದು ನಿಲ್ಲುತ್ತದೆ. ಆ ಸಾಲನ್ನು ನುಡಿದವರು ಯಾರು, ಅವರನ್ನು ಹುಡುಕುವ ಬಗೆ ಹೇಗೆ ಎಂಬುದೇ ಈ ಲೇಖನದ ವಿಷಯ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವವನು. ಸಂಜೆಯ ಹೊತ್ತು ಊರಿನ ಒಂದು ಅಂಗಡಿಯಲ್ಲಿ ಅರ್ಜಿ ತುಂಬುವ ಕೆಲಸ ಮಾಡುವುದರಿಂದ ಈ ವಿಷಯ ನನ್ನ ಬೆನ್ನು ಹತ್ತಿತು.

ಇಂಥ ಅಂಗಡಿಗಳು ಈಗ ನಮ್ಮ ಸೀಮೆಯ ದೊಡ್ಡ ಊರುಗಳಲ್ಲೆಲ್ಲ ಇವೆ. ವಿದ್ಯಾರ್ಥಿವೇತನದ ಅರ್ಜಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಪಹಣಿಯ ನಕಲು, ಬೆಳೆವಿಮೆ, ಎಲ್ಲವೂ ಅಲ್ಲಿಂದಲೇ ಸಾಗಬೇಕು. ಒಂದು ಯಂತ್ರದಲ್ಲಿ ಕಾಗದಗಳನ್ನು ಸ್ಕ್ಯಾನು ಮಾಡುತ್ತಾರೆ, ಇನ್ನೊಂದರಲ್ಲಿ ಅರ್ಜಿಯನ್ನು ತುಂಬುತ್ತಾರೆ. ನಡುವೆ ಹಂಚಿಕೊಂಡ ಫೋಲ್ಡರು ಒಂದು. ಆ ಫೋಲ್ಡರಿನಲ್ಲಿ ಊರ ಜನರ ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕಿನ ಮೊದಲ ಪುಟ, ಅಂಕಪಟ್ಟಿ, ಭಾವಚಿತ್ರ ಎಲ್ಲ ಒಟ್ಟಿಗೆ ಬಿದ್ದಿರುತ್ತವೆ. ನಮ್ಮ ಮನೆಯಲ್ಲಿ ಪದವಿ ತರಗತಿಯವರೆಗೆ ಬಂದವರಲ್ಲಿ ನಾನೇ ಮೊದಲಿಗನು. ನನ್ನ ಕಾಗದಗಳೂ ಅಂಥದೊಂದು ಫೋಲ್ಡರಿನ ಮೂಲಕವೇ ಹೋದವು. ಆದ್ದರಿಂದ ಆ ಫೋಲ್ಡರು ತೆರೆಯದಿದ್ದರೆ ಒಂದು ಕಷ್ಟ, ಎಲ್ಲರಿಗೂ ತೆರೆದುಕೊಂಡರೆ ಇನ್ನೊಂದು ಕಷ್ಟ. ಮೊದಲನೆಯದು ಆ ಕ್ಷಣಕ್ಕೇ ಕಾಣಿಸುತ್ತದೆ. ಎರಡನೆಯದು ಬಹುಕಾಲ ಕಾಣಿಸುವುದಿಲ್ಲ.

ಒಂದೇ ಅಂಗಡಿಯಲ್ಲಿ ಎರಡು ಬಗೆಯ ವ್ಯವಸ್ಥೆ ಏಕೆ ಇರಬೇಕೆಂದು ಕೇಳಬಹುದು. ಕಾರಣ ಬಹುಮಟ್ಟಿಗೆ ಹಣವೇ. ಹಳೆಯ ಯಂತ್ರಕ್ಕೆ ಹೊಸ ವಿಂಡೋಸ್ ಹೊಂದುವುದಿಲ್ಲ, ಕೊಳ್ಳುವುದಕ್ಕೆ ದುಡ್ಡೂ ಬೇಕು. ಲಿನಕ್ಸಿನ ಉಬುಂಟು ಮೊದಲಾದ ರೂಪಗಳು ಪುಕ್ಕಟೆಯಾಗಿ ದೊರೆಯುತ್ತವೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ಮುಂದೆ ಲಿನಕ್ಸನ್ನೇ ಹಿಡಿದದ್ದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ಶಾಲೆಯ ಹೊರಗೆ ಅವರು ಕಾಣುವುದು ಹೆಚ್ಚಾಗಿ ವಿಂಡೋಸನ್ನು. ಹೀಗೆ ಎರಡು ವ್ಯವಸ್ಥೆಗಳ ನಡುವೆ ಓಡಾಡುವ ಕನ್ನಡಿಗರು ಕಡಮೆಯೇನಿಲ್ಲ.

ಮೊದಲು ಲಿನಕ್ಸಿನ ದಫ್ತರವನ್ನು ನೋಡೋಣ. ಇದು ಯುನಿಕ್ಸ್ ಎಂಬ ಹಳೆಯ ವ್ಯವಸ್ಥೆಯಿಂದ ಬಂದ ಕ್ರಮ, ತೀರ ಚಿಕ್ಕದು. ಪ್ರತಿಯೊಂದು ಫೈಲಿಗೂ ಒಬ್ಬ ಒಡೆಯ, ಒಂದು ಗುಂಪು, ಉಳಿದವರೆಲ್ಲ ಇತರರು. ಈ ಮೂವರಿಗೂ ಮೂರು ಅಧಿಕಾರಗಳನ್ನು ಕೊಡಬಹುದು, ಕೊಡದೆಯೂ ಇರಬಹುದು: ಓದುವುದು, ಬರೆಯುವುದು, ನಡೆಸುವುದು. ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1 ಎಂದು ಅಂಕ. ಇವನ್ನು ಕೂಡಿಸಿ ಒಡೆಯ, ಗುಂಪು, ಇತರರು ಎಂಬ ಕ್ರಮದಲ್ಲಿ ಮೂರು ಅಂಕಿಗಳಾಗಿ ಬರೆಯುತ್ತಾರೆ. 750 ಎಂದರೆ ಒಡೆಯನಿಗೆ ಮೂರೂ ಅಧಿಕಾರ, ಗುಂಪಿಗೆ ಓದುವ ಮತ್ತು ನಡೆಸುವ ಅಧಿಕಾರ, ಇತರರಿಗೆ ಸೊನ್ನೆ. 777 ಎಂದರೆ ಎಲ್ಲರಿಗೂ ಎಲ್ಲವೂ. ಈ ಕೊನೆಯ ಅಂಕಿಯನ್ನು ವಾಚಕರು ನೆನಪಿನಲ್ಲಿಡಬೇಕು. ಅದರ ಕಥೆ ಮುಂದೆ ಬರುತ್ತದೆ.

ಇಷ್ಟು ಎಲ್ಲರಿಗೂ ಬೇಗ ತಿಳಿಯುತ್ತದೆ. ತಿಳಿಯದೆ ಉಳಿಯುವುದು ಫೋಲ್ಡರುಗಳ ವಿಷಯ. ಫೋಲ್ಡರನ್ನು 'ನಡೆಸುವುದು' ಎಂದರೇನು? ಅದರೊಳಗೆ ಹಾದುಹೋಗುವ ಅಧಿಕಾರ ಎಂದರ್ಥ. ಓದುವ ಅಧಿಕಾರವಿದ್ದರೆ ಒಳಗಿರುವ ಹೆಸರುಗಳ ಪಟ್ಟಿ ಸಿಗುತ್ತದೆ. ಹಾಯುವ ಅಧಿಕಾರವಿಲ್ಲದಿದ್ದರೆ ಪಟ್ಟಿಯಲ್ಲಿದ್ದ ಯಾವ ವಸ್ತುವನ್ನೂ ಮುಟ್ಟಲಾಗುವುದಿಲ್ಲ. ಇದು ಕೊನೆಯ ಫೋಲ್ಡರಿಗೆ ಮಾತ್ರವಲ್ಲ, ಅಲ್ಲಿಗೆ ಹೋಗುವ ದಾರಿಯ ಪ್ರತಿಯೊಂದು ಫೋಲ್ಡರಿಗೂ ಬೇಕು. ನಮ್ಮ ಕಡೆಯ ಹಳೆಯ ವಾಡೆಗಳನ್ನು ನೆನೆಯಿರಿ. ಊರ ಅಗಸಿ, ವಾಡೆಯ ತಲೆಬಾಗಿಲು, ಪಡಸಾಲೆ, ಒಳಕೋಣೆ, ಕೋಣೆಯಲ್ಲಿ ಪೆಟ್ಟಿಗೆ. ಪೆಟ್ಟಿಗೆಯ ಕೀಲಿ ತೆಗೆದಿಟ್ಟರೂ ತಲೆಬಾಗಿಲಿಗೆ ಅಗುಳಿ ಹಾಕಿದ್ದರೆ ಹೊರಗಿನವನು ಹೊರಗೇ.

ಇನ್ನೊಂದು ವಿಚಿತ್ರ ಫೈಲನ್ನು ಅಳಿಸುವ ಅಧಿಕಾರದ್ದು. ಅದು ಫೈಲಿನಲ್ಲಿಲ್ಲ, ಫೈಲಿರುವ ಫೋಲ್ಡರಿನಲ್ಲಿದೆ. ಅಳಿಸುವುದೆಂದರೆ ಫೋಲ್ಡರಿನ ಪಟ್ಟಿಯಿಂದ ಒಂದು ಹೆಸರನ್ನು ಹೊಡೆದುಹಾಕುವುದು. ಪಟ್ಟಿಯಲ್ಲಿ ಬರೆಯಬಲ್ಲವನು ಅದನ್ನು ಮಾಡಬಲ್ಲನು. 'ಓದಲು ಮಾತ್ರ' ಎಂದು ಗುರುತು ಹಾಕಿದ ಅಂಕಪಟ್ಟಿಯ ಫೈಲು ಭದ್ರವಾಗಿದೆಯೆಂದು ನಂಬಿದವರು, ಫೋಲ್ಡರನ್ನು ಎಲ್ಲರಿಗೂ ಬರೆಯಲು ಬಿಟ್ಟಿದ್ದರೆ, ಒಂದು ದಿನ ಅದನ್ನು ಹುಡುಕುತ್ತ ಕೂಡಬೇಕಾಗುತ್ತದೆ. ಇದಕ್ಕೆ ತಡೆಯೂ ಉಂಟು. ಮೂರು ಅಂಕಿಗಳ ಮುಂದೆ 1 ಎಂದು ಹಚ್ಚಿದರೆ ಆ ಫೋಲ್ಡರಿನಲ್ಲಿ ತಂತಮ್ಮ ಫೈಲನ್ನು ಅದರ ಒಡೆಯರೇ ಅಳಿಸಬಹುದು. ಫೋಲ್ಡರಿನ ಒಡೆಯನನ್ನೂ ಯಂತ್ರದ ಮುಖ್ಯಾಧಿಕಾರಿಯನ್ನೂ ಬಿಟ್ಟು ಬೇರೆ ಯಾರೂ ಮುಟ್ಟಲಾರರು.

ವಿಂಡೋಸಿನ ದಫ್ತರ ಇದಕ್ಕಿಂತ ದೊಡ್ಡದು. ಅಲ್ಲಿ ಮೂವರೇ ಎಂಬ ಕಟ್ಟಳೆಯಿಲ್ಲ. ಒಂದೊಂದು ಫೈಲಿಗೂ ಒಂದು ಪಟ್ಟಿ. ಪಟ್ಟಿಯಲ್ಲಿ ಎಷ್ಟು ಹೆಸರುಗಳನ್ನಾದರೂ ಬರೆದು ಒಬ್ಬೊಬ್ಬನಿಗೂ ಇಂತಿಂಥದು ಉಂಟು, ಇಂತಿಂಥದು ಇಲ್ಲ ಎಂದು ಹೇಳಬಹುದು. ಒಬ್ಬನೇ ಎರಡು ಗುಂಪುಗಳಲ್ಲಿದ್ದು ಒಂದಕ್ಕೆ 'ಉಂಟು', ಇನ್ನೊಂದಕ್ಕೆ 'ಇಲ್ಲ' ಎಂದಿದ್ದರೆ ಸಾಮಾನ್ಯವಾಗಿ 'ಇಲ್ಲ'ವೇ ಗೆಲ್ಲುತ್ತದೆ. ಹಿರಿಯ ಫೋಲ್ಡರಿನ ಪಟ್ಟಿ ಒಳಗಿನ ಫೋಲ್ಡರುಗಳಿಗೂ ಪಿತ್ರಾರ್ಜಿತವಾಗಿ ಇಳಿದುಬರುತ್ತದೆ. ಇದಲ್ಲದೆ ಜಾಲದ ಮೂಲಕ ಬರುವವರಿಗಾಗಿ ಬೇರೊಂದು ಪಟ್ಟಿಯಿದೆ. ಜಾಲದ ಪಟ್ಟಿ, ಫೈಲಿನ ಪಟ್ಟಿ ಎರಡರಲ್ಲಿ ಯಾವುದು ಬಿಗಿಯಾದದ್ದೋ ಅದೇ ನಡೆಯುತ್ತದೆ. ಒಂದರಲ್ಲಿ 'ಎಲ್ಲರಿಗೂ ಪೂರ್ಣಾಧಿಕಾರ' ಎಂದು ಬರೆದು, ಇನ್ನೊಂದನ್ನು ನೋಡದೆ, 'ಅನುಮತಿ ಕೊಟ್ಟರೂ ಬರುವುದಿಲ್ಲ' ಎಂದು ಗೊಣಗುವವರು ಬಹಳ ಮಂದಿ.

ಈ ಎರಡು ದಫ್ತರಗಳ ನಡುವೆ ದುಭಾಷಿಯ ಕೆಲಸ ಮಾಡುವ ತಂತ್ರಾಂಶಕ್ಕೆ ಸಾಂಬಾ ಎಂದು ಹೆಸರು. ಹೆಸರು ಕೇಳಿ ನಮ್ಮ ಊರ ಕಡೆಯ ಸಾಂಬಯ್ಯನವರನ್ನು ನೆನೆದು ನಕ್ಕವರಲ್ಲಿ ನಾನೂ ಒಬ್ಬ. ಇದರ ಹುಟ್ಟು ರಸವತ್ತಾದದ್ದು. 1980ರ ದಶಕದ ಆರಂಭದಲ್ಲಿ ಐಬಿಎಂ ಕಂಪನಿಯ ಬ್ಯಾರಿ ಫೈಗನ್‌ಬಾಮ್ ಎಂಬವರು ಯಂತ್ರಗಳು ಪರಸ್ಪರ ಫೈಲು ಕೇಳಿ ಪಡೆಯುವ ಒಂದು ಸಂಭಾಷಣೆಯ ಕ್ರಮವನ್ನು ರೂಪಿಸಿದರು. ಎಸ್‌ಎಂಬಿ ಎಂಬ ಆ ಕ್ರಮವನ್ನು ಮೈಕ್ರೋಸಾಫ್ಟ್ ಕಂಪನಿ ತನ್ನದಾಗಿಸಿಕೊಂಡು ಬೆಳೆಸಿತು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್ ಎಂಬ ತರುಣನು 1991ರ ಕೊನೆಯಲ್ಲಿ, ಒಂದು ಯಂತ್ರದ ಫೈಲುಗಳು ಇನ್ನೊಂದಕ್ಕೆ ಸಿಗಲಿ ಎಂಬ ತನ್ನ ಅಗತ್ಯಕ್ಕಾಗಿ, ತಂತಿಯ ಮೇಲೆ ಹರಿಯುವ ಮಾತುಗಳನ್ನು ಹಿಡಿದು ನೋಡತೊಡಗಿದನು. ಇದು ಕೇಳಿದ್ದಕ್ಕೆ ಅದು ಏನು ಉತ್ತರ ಕೊಟ್ಟಿತು ಎಂಬುದನ್ನೇ ನೋಡಿ ನೋಡಿ ಆ ಭಾಷೆಯನ್ನು ಕಲಿತನು. ಕೂಲಿಗೆಂದು ಹೋದ ನಮ್ಮವರು ವ್ಯಾಕರಣದ ಪುಸ್ತಕವನ್ನೇ ಕಾಣದೆ ಸೊಲ್ಲಾಪುರದ ಬಜಾರದಲ್ಲಿ ಮರಾಠಿ ಕಲಿತು ಬರುತ್ತಾರಲ್ಲವೆ, ಹಾಗೆ. 1992ರ ಜನವರಿಯಲ್ಲಿ ಮೊದಲ ರೂಪ ಹೊರಬಂದಿತು. ಮುಂದೆ ಹೆಸರು ಬದಲಿಸಬೇಕಾಗಿ ಬಂದಾಗ ಎಸ್, ಎಂ, ಬಿ ಎಂಬ ಮೂರಕ್ಷರಗಳು ಕ್ರಮವಾಗಿ ಬರುವ ಶಬ್ದವನ್ನು ಪದಪಟ್ಟಿಯಲ್ಲಿ ಹುಡುಕಿಸಿದಾಗ ದೊರೆತದ್ದು ಸಾಂಬಾ.

ಇದರ ರಾಜಕೀಯವೂ ಸಣ್ಣದಲ್ಲ. ಈ ಸಂಭಾಷಣೆಯ ಗುಟ್ಟುಗಳನ್ನು ಇತರರಿಗೆ ತಿಳಿಸಬೇಕೆಂದು ಐರೋಪ್ಯ ಆಯೋಗವು 2004ರಲ್ಲಿ ಮೈಕ್ರೋಸಾಫ್ಟಿಗೆ ಆಜ್ಞೆ ಮಾಡಿತು. 2007ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದೇ ಡಿಸೆಂಬರಿನಲ್ಲಿ 10,000 ಯೂರೋ ತೆತ್ತು ಸಾಂಬಾದವರಿಗೆ ಆ ದಾಖಲೆಗಳು ದೊರೆಯುವಂತಾಯಿತು. ನಮ್ಮ ಊರಿನ ಅಂಗಡಿಯಲ್ಲಿ ಒಂದು ಯಂತ್ರ ಇನ್ನೊಂದರ ಮಾತನ್ನು ಕೇಳುವುದರ ಹಿಂದೆ ಇಷ್ಟು ವ್ಯಾಜ್ಯವಿದೆಯೆಂದು ತಿಳಿದಾಗ, ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಆಶ್ಚರ್ಯವೂ ಸಂತೋಷವೂ ಆದವು.

ಇನ್ನು ವಿಷಯಕ್ಕೆ ಬರೋಣ. ವಿಂಡೋಸ್ ಯಂತ್ರದ ಮುಂದೆ ಕುಳಿತವನು ಲಿನಕ್ಸಿನ ಫೋಲ್ಡರನ್ನು ಕೇಳಿದಾಗ ಅವನ ವಿನಂತಿ ಎಷ್ಟು ಬಾಗಿಲುಗಳನ್ನು ದಾಟಬೇಕು? ಮೊದಲನೆಯದು ದಾರಿ. 445ನೆಯ ಸಂಖ್ಯೆಯ ಪೋರ್ಟಿನ ಮೂಲಕ ಮಾತು ಅಲ್ಲಿಗೆ ತಲಪಬೇಕು. ದಾರಿಯೇ ಮುಚ್ಚಿದ್ದರೆ ಬರುವ ಉತ್ತರ 'ಜಾಲದ ದಾರಿ ಸಿಗಲಿಲ್ಲ' ಎಂದು. 'ಅನುಮತಿ ಇಲ್ಲ' ಎಂದಲ್ಲ. ಇವೆರಡಕ್ಕೂ ಭೇದವಿದೆ. ಅನುಮತಿ ಇಲ್ಲವೆಂದು ಉತ್ತರ ಬಂತೆಂದರೆ ಆ ಕಡೆ ಯಾರೋ ಒಬ್ಬರು ಎಚ್ಚರವಾಗಿದ್ದು ಮಾತಾಡಿದ್ದಾರೆ. ಆಗ ತಂತಿಯನ್ನು ಕಿತ್ತು ಮತ್ತೆ ಸಿಕ್ಕಿಸುವುದರಿಂದ ಫಲವಿಲ್ಲ.

ಎರಡನೆಯದು ಗುರುತು. ಬಂದವನು ಯಾರು? ಇಲ್ಲಿ ಅನೇಕರು ಎಡವುತ್ತಾರೆ. ಲಿನಕ್ಸಿನಲ್ಲಿ ಒಬ್ಬನಿಗೆ ಹೆಸರು, ಗುಪ್ತಪದ ಇದ್ದ ಮಾತ್ರಕ್ಕೆ ಸಾಂಬಾ ಅವನನ್ನು ಒಪ್ಪುವುದಿಲ್ಲ. ಲಿನಕ್ಸ್ ಗುಪ್ತಪದವನ್ನು ಮರಳಿ ಓದಲಾಗದಂತೆ ಮಾರ್ಪಡಿಸಿ ಇಟ್ಟಿರುತ್ತದೆ. ವಿಂಡೋಸಿನ ವಿಧಾನದಲ್ಲಿ ಅದನ್ನು ಮಾರ್ಪಡಿಸುವ ಬಗೆಯೇ ಬೇರೆ. ಒಂದರಿಂದ ಇನ್ನೊಂದನ್ನು ಪಡೆಯಲು ಬರುವುದಿಲ್ಲ. ಆದ್ದರಿಂದ ಸಾಂಬಾ ತನ್ನದೇ ಗುಪ್ತಪದಗಳ ಪುಸ್ತಕವನ್ನು ಇಟ್ಟುಕೊಂಡಿರುತ್ತದೆ. ಎಸ್‌ಎಂಬಿಪಾಸ್‌ವರ್ಡ್ ಎಂಬ ಆಜ್ಞೆಯಿಂದ ಅದರಲ್ಲಿ ಹೆಸರನ್ನು ಬೇರೆಯಾಗಿ ಬರೆಸಬೇಕು; ಬರೆಸುವಾಗ ಆ ಆಜ್ಞೆಯನ್ನು 'ಎಸ್‌ಎಂಬಿಪಿಎಎಸ್‌ಎಸ್‌ಡಬ್ಲ್ಯೂಡಿ' ಎಂದು ಕುಗ್ಗಿಸಿ ಒತ್ತಬೇಕಾಗುತ್ತದೆ. ವಿಂಡೋಸಿನ ಕಡೆಯಲ್ಲಿಯೂ ಒಂದು ತೊಡಕುಂಟು. ಅದು ಹಿಂದೆ ಯಾವುದೋ ಹೆಸರಿನಿಂದ ಹೋದದ್ದನ್ನು ನೆನಪಿಟ್ಟುಕೊಂಡು, ಕೇಳದೆಯೇ ಅದೇ ಹೆಸರನ್ನು ಹೇಳಿಬಿಡುತ್ತದೆ. ಒಂದೇ ಸರ್ವರಿಗೆ ಒಂದೇ ಹೊತ್ತಿನಲ್ಲಿ ಎರಡು ಹೆಸರುಗಳಿಂದ ಹೋಗಲು ಒಪ್ಪುವುದೂ ಇಲ್ಲ. ನೆಟ್ ಯೂಸ್ ಎಂಬ ಆಜ್ಞೆಯಿಂದ ಈಗಿರುವ ಸಂಬಂಧಗಳನ್ನು ನೋಡಿ, ಹಳೆಯದನ್ನು ಕಡಿದು, ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಉಳಿದ ಹಳೆಯ ಹೆಸರನ್ನು ತೆಗೆದುಹಾಕಿದರೆ ಅದು ಹೊಸದಾಗಿ ಕೇಳುತ್ತದೆ.

ಮೂರನೆಯದು ಸಾಂಬಾದ ಸ್ವಂತ ಕಟ್ಟಳೆ. ಅದರ ವ್ಯವಸ್ಥಾಪತ್ರದಲ್ಲಿ ಏನನ್ನೂ ಬರೆಯದಿದ್ದರೆ ಹಂಚಿದ ಫೋಲ್ಡರು ಓದಲು ಮಾತ್ರ. ಯಾರು ಬರಬಹುದು, ಯಾರು ಬರೆಯಬಹುದು ಎಂಬುದನ್ನು ಅಲ್ಲಿಯೇ ಹೇಳಬೇಕು. ಬರೆದದ್ದು ಸರಿಯೋ ತಪ್ಪೋ ಎಂಬುದನ್ನು ಟೆಸ್ಟ್‌ಪಾರ್ಮ್ ಎಂಬ ಆಜ್ಞೆ ಓದಿ ಹೇಳುತ್ತದೆ. ನಾಲ್ಕನೆಯದು ನಾನು ಆಗಲೇ ವಿವರಿಸಿದ ವಾಡೆಯ ಬಾಗಿಲುಗಳು, ಎಂದರೆ ಲಿನಕ್ಸಿನ ದಫ್ತರ. ಫೆಡೋರಾದಂಥ ಕೆಲವು ರೂಪಗಳಲ್ಲಿ ಎಸ್‌ಇಲಿನಕ್ಸ್ ಎಂಬ ಐದನೆಯ ಕಾವಲುಗಾರನೂ ಇದ್ದಾನೆ. ಸಾಂಬಾಕ್ಕೆಂದು ಚೀಟಿ ಹಚ್ಚದ ಫೋಲ್ಡರನ್ನು, ಉಳಿದ ನಾಲ್ವರೂ ಒಪ್ಪಿದರೂ, ಅವನು ಬಿಡುವುದಿಲ್ಲ. ಇಷ್ಟು ಜನರಲ್ಲಿ ಯಾರು ತಡೆದರೂ ಹೊರಗೆ ಕುಳಿತವನಿಗೆ ಕೇಳಿಸುವುದು ಹೆಚ್ಚುಕಡಮೆ ಅದೇ ಒಂದು ಮಾತು. ತೊಡಕಿನ ಮೂಲ ಇರುವುದು ಇಲ್ಲಿ.

ನಾನು ಕೆಲಸ ಮಾಡುವ ಅಂಗಡಿಯಲ್ಲಿ ಸ್ಕ್ಯಾನರು ಒಳಗಿನ ಉಬುಂಟು ಯಂತ್ರಕ್ಕೆ, ಅರ್ಜಿಯ ಕೆಲಸ ಮುಂದಿನ ವಿಂಡೋಸಿನಲ್ಲಿ. ಹಳೆಯ ಉಬುಂಟುವನ್ನು ತೆಗೆದು ಹೊಸ ಆವೃತ್ತಿಯನ್ನು ಹಾಕಿಸಿದ ಮರುದಿನ ಫೋಲ್ಡರು ತೆರೆಯದೆ ಹೋಯಿತು. ವಿದ್ಯಾರ್ಥಿವೇತನದ ಕೊನೆಯ ದಿನಗಳು. ಮಸ್ಕಿ ಕಡೆಯ ಹಳ್ಳಿಯೊಂದರಿಂದ ಮಗಳ ಕಾಗದಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ತಾಯಿಯೊಬ್ಬಳು ಮೂರು ಸಲ ಕೇಳಿದಳು: "ಯಪ್ಪಾ, ನಮ್ಮ ಹುಡುಗಿ ಕಾಗದಾ ಅದರಾಗ ಐತಿಲ್ಲೋ?" "ಐತಬೇ ಯವ್ವಾ, ಬಾಗ್ಲಾ ತಗೀವಲ್ದು" ಎಂದೆ. ಅಂಗಡಿಯ ಧಣಿಗಳು ಫೋನಿನಲ್ಲಿ ಯಂತ್ರ ಜೋಡಿಸಿದವರನ್ನು ಕೇಳಿ, "ತಮ್ಮಾ, ಮೂರು ಏಳು ಹೊಡದುಬಿಡು ಅಂತಾರ, ಎಲ್ಲಾರಿಗೂ ತಗದುಬಿಡು, ಕೆಲಸ ಆಗ್ಲಿ" ಎಂದರು. ಫೋಲ್ಡರನ್ನು ನೋಡಿದರೆ ಅದರ ಮೇಲೆ 777 ಆಗಲೇ ಇತ್ತು, ಜೋಡಿಸುವಾಗಲೇ ಹಾಕಿಹೋಗಿದ್ದರು. ಎಲ್ಲರಿಗೂ ಎಲ್ಲವೂ ಎಂದು ಬರೆದ ಮೇಲೆಯೂ ಅನುಮತಿ ಇಲ್ಲ! ಮೂರು ಏಳನ್ನು ಇನ್ನೊಮ್ಮೆ ಹೊಡೆದರೆ ಆಗುವುದೇನು?

ಫೋಲ್ಡರಿನ ದಾರಿಯನ್ನು ಬುಡದಿಂದ ನೋಡಿದಾಗ ಕಾರಣ ಸಿಕ್ಕಿತು. ನೇಮ್‌ಐ ಎಂಬ ಒಂದು ಸಣ್ಣ ಆಜ್ಞೆಯಿದೆ. ಅದಕ್ಕೆ ಎಲ್ ಎಂಬ ಅಕ್ಷರವನ್ನು ಜೊತೆಗೆ ಕೊಟ್ಟರೆ ದಾರಿಯ ಪ್ರತಿಯೊಂದು ಫೋಲ್ಡರಿನ ಒಡೆಯ, ಗುಂಪು, ಅಧಿಕಾರಗಳನ್ನು ಒಂದರ ಕೆಳಗೊಂದು ಸಾಲಾಗಿ ತೋರಿಸುತ್ತದೆ. ಹಂಚಿದ ಫೋಲ್ಡರು ಇದ್ದದ್ದು ಯಂತ್ರದ ಒಡೆಯನ ಸ್ವಂತ ಮನೆ-ಫೋಲ್ಡರಿನೊಳಗೆ. ಉಬುಂಟುವಿನ 21.04ನೆಯ ಆವೃತ್ತಿಯವರೆಗೆ ಈ ಮನೆ-ಫೋಲ್ಡರಿನ ಅಧಿಕಾರ 755 ಇರುತ್ತಿತ್ತು, ಇತರರು ಹಾಯ್ದುಹೋಗಬಹುದಾಗಿತ್ತು. 2021ರಲ್ಲಿ ಬಂದ ಆ ಆವೃತ್ತಿಯಿಂದ ಹೊಸ ಮನೆ-ಫೋಲ್ಡರುಗಳನ್ನು 750 ಮಾಡಿದ್ದಾರೆ, ಇತರರಿಗೆ ಸೊನ್ನೆ. ಅಂಗಡಿಯ ವಿಂಡೋಸ್ ಯಂತ್ರ ಬೇರೆ ಹೆಸರಿನಿಂದ ಬರುತ್ತಿದ್ದರಿಂದ ತಲೆಬಾಗಿಲಿನಲ್ಲಿಯೇ ನಿಂತಿತ್ತು. ಒಳಗಿನ ಪೆಟ್ಟಿಗೆ ಹಾರುಹೊಡೆದಿತ್ತು. ಉಬುಂಟುವಿನವರು ಮಾಡಿದ್ದು ಸರಿಯಾದ ಕೆಲಸವೇ. ಒಬ್ಬನ ಮನೆಯೊಳಗೆ ಊರೆಲ್ಲ ಹಾಯುವುದು ನ್ಯಾಯವಲ್ಲ.

ತಲೆಬಾಗಿಲನ್ನು 755 ಮಾಡಿದ್ದರೆ ಕೆಲಸವೇನೋ ಆಗುತ್ತಿತ್ತು. ಆದರೆ ಆ ಯಂತ್ರವನ್ನು ಬಳಸುವ ಯಾರೇ ಆಗಲಿ, ಜಾಲದಿಂದ ಯಾವ ಹೆಸರಿನಲ್ಲಿ ಬಂದವನೇ ಆಗಲಿ, 777ರ ಪೆಟ್ಟಿಗೆಯಲ್ಲಿ ಕೈಹಾಕಬಹುದಾಗಿತ್ತು. ಆದ್ದರಿಂದ ಫೋಲ್ಡರನ್ನು ಮನೆಯಿಂದ ಹೊರತೆಗೆದು, ಇಂಥ ಕೆಲಸಕ್ಕೆಂದೇ ಲಿನಕ್ಸಿನಲ್ಲಿರುವ ಎಸ್‌ಆರ್‌ವಿ ಎಂಬ ಜಾಗಕ್ಕೆ ಸರಿಸಿದೆವು. ಸರಿಸಿದರೆ ಹಳೆಯ ಅಧಿಕಾರಗಳೂ ಜೊತೆಗೇ ಹೋಗುತ್ತವೆ. ಹೊಸ ಜಾಗಕ್ಕೆ ಬಂದರೂ 777 ಅದರ ಬೆನ್ನ ಮೇಲೆಯೇ ಇರುತ್ತದೆ. ಅಂಗಡಿಯವರಿಗೆಂದು ಒಂದು ಗುಂಪನ್ನು ಮಾಡಿ, ಫೋಲ್ಡರನ್ನು ಆ ಗುಂಪಿಗೆ ಒಪ್ಪಿಸಿ, ಅಧಿಕಾರವನ್ನು 2770 ಎಂದು ಬರೆದೆವು. ಆ ತಾಯಿ ಬಸ್ಸಿನ ಹೊತ್ತಿಗೆ ಮುಂಚೆಯೇ ಅರ್ಜಿಯ ಚೀಟಿಯನ್ನು ಹಿಡಿದುಕೊಂಡು ಹೋದಳು.

ಮುಂದಿನ 2ರ ಅರ್ಥವನ್ನು ಹೇಳಬೇಕು. ಹಂಚಿದ ಫೋಲ್ಡರು ತೆರೆಯಿತೆಂದು ಸಮಾಧಾನಪಟ್ಟವರಿಗೆ ಎರಡು ದಿನದ ಮೇಲೆ ಇನ್ನೊಂದು ದೂರು ಬರುತ್ತದೆ: ಒಬ್ಬರು ಇಟ್ಟ ಫೈಲನ್ನು ಇನ್ನೊಬ್ಬರು ಓದಬಹುದು, ತಿದ್ದಲು ಬರುವುದಿಲ್ಲ. ಲಿನಕ್ಸಿನಲ್ಲಿ ಹೊಸ ಫೈಲು ಹುಟ್ಟುವಾಗ ಅದನ್ನು ಹುಟ್ಟಿಸಿದವನ ಸ್ವಂತ ಗುಂಪಿಗೆ ಸೇರುತ್ತದೆ. ಸಾಂಬಾ ಕೂಡ, ಬೇರೆ ಹೇಳದಿದ್ದರೆ, ಗುಂಪಿನವರಿಗೆ ಬರೆಯುವ ಅಧಿಕಾರವನ್ನು ಹೊಸ ಫೈಲಿನಿಂದ ಕಿತ್ತುಕೊಳ್ಳುತ್ತದೆ. ಮುಂದೆ 2 ಹಚ್ಚಿದ ಫೋಲ್ಡರಿನಲ್ಲಿ ಹುಟ್ಟಿದ್ದೆಲ್ಲವೂ ಫೋಲ್ಡರಿನ ಗುಂಪಿಗೇ ಸೇರುತ್ತದೆ. ಸಾಂಬಾದ ವ್ಯವಸ್ಥಾಪತ್ರದಲ್ಲಿ ಹೊಸ ಫೈಲಿಗೆ 660, ಹೊಸ ಫೋಲ್ಡರಿಗೆ 2770 ಎಂದು ಬರೆದರೆ ಗುಂಪಿನ ಎಲ್ಲರೂ ತಿದ್ದಬಹುದು, ಹೊರಗಿನವರಿಗೆ ಏನೂ ಇಲ್ಲ. ಇಷ್ಟಕ್ಕೆ ಬೇಕಾದದ್ದು ನಾಲ್ಕು ಸಾಲು. ಮೂರು ಏಳಿಗಿಂತ ಹೆಚ್ಚೇನೂ ಕಷ್ಟವಲ್ಲ.

ಪೆನ್‌ಡ್ರೈವಿನ ವಿಷಯದಲ್ಲಿ ಈ ಆಜ್ಞೆಗಳಾವುವೂ ನಡೆಯುವುದಿಲ್ಲವೆಂಬುದನ್ನು ಹೇಳಿ ಮುಂದೆ ಸಾಗುತ್ತೇನೆ. ಅವುಗಳಲ್ಲಿ ಸಾಮಾನ್ಯವಾಗಿ ಬಳಸುವ ಫ್ಯಾಟ್ 32, ಎಕ್ಸ್‌ಫ್ಯಾಟ್ ಎಂಬ ಕ್ರಮಗಳಲ್ಲಿ ಒಡೆಯನೆಂಬ ಕಲ್ಪನೆಯೇ ಇಲ್ಲ. ಲಿನಕ್ಸ್ ಅದನ್ನು ಜೋಡಿಸಿಕೊಳ್ಳುವಾಗ ಯಾರ ಹೆಸರನ್ನು ಹೇಳಿತೋ ಅವರೇ ಒಡೆಯರು. ಆಮೇಲೆ ಅಧಿಕಾರ ಬದಲಿಸಹೋದರೆ ಬದಲಾಗುವುದಿಲ್ಲ.

ಎರಡೂ ಯಂತ್ರಗಳು ಲಿನಕ್ಸೇ ಆಗಿದ್ದರೆ ಸಾಂಬಾ ಬೇಡ. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯು 1984ರಲ್ಲಿ ತಂದ ಎನ್‌ಎಫ್‌ಎಸ್ ಎಂಬ ಕ್ರಮ ಸಾಕು. ಅಲ್ಲಿನ ತೊಡಕು ಬೇರೆ. ಲಿನಕ್ಸ್ ದಫ್ತರದಲ್ಲಿ ಒಡೆಯನ ಹೆಸರನ್ನು ಬರೆಯುವುದೇ ಇಲ್ಲ, ಅವನ ಸಂಖ್ಯೆಯನ್ನು ಬರೆಯುತ್ತದೆ. ಉಬುಂಟುವಿನಲ್ಲಿ ಮೊದಲ ಬಳಕೆದಾರನ ಸಂಖ್ಯೆ 1000. ಈ ಯಂತ್ರದ 1000 ಒಬ್ಬರು, ಆ ಯಂತ್ರದ 1000 ಇನ್ನೊಬ್ಬರು. ಸಾಮಾನ್ಯವಾಗಿ ಎನ್‌ಎಫ್‌ಎಸ್ ಈ ಸಂಖ್ಯೆಯನ್ನೇ ನಂಬುತ್ತದೆ. ಹಾಗಾಗಿ ಒಬ್ಬರ ಸೊತ್ತು ಅನಾಯಾಸವಾಗಿ ಇನ್ನೊಬ್ಬರದಾಗುತ್ತದೆ, ಅವರದೇ ಆದದ್ದು ಅವರಿಗೆ ಸಿಗುವುದಿಲ್ಲ. ಎರಡು ಊರುಗಳಲ್ಲಿ ಒಂದೇ ಸರ್ವೆ ನಂಬರಿನ ಹೊಲಗಳಿರುವುದುಂಟು. ಊರ ಹೆಸರನ್ನು ಬಿಟ್ಟು ನಂಬರನ್ನಷ್ಟೇ ನೋಡಿ ಉಳಲು ಹೊರಟರೆ ಬಡಿದಾಟವಾಗುತ್ತದೆ.

ಗುಪ್ತಪದದ ರಗಳೆಯೇ ಬೇಡವೆಂದು ಅತಿಥಿಯ ಪ್ರವೇಶವನ್ನು ಇಡುವ ರೂಢಿಯೂ ಇತ್ತು. ಹೆಸರು ಹೇಳದೆ ಬಂದವನಿಗೂ ಬಾಗಿಲು. 2017ರ ಮೇ 12ರಂದು ವಾನಾಕ್ರೈ ಎಂಬ ಪಿಡುಗು ಹಬ್ಬಿದಾಗ ಲೋಕವೆಲ್ಲ ಎಚ್ಚೆತ್ತಿತು. ಅದು ಎಸ್‌ಎಂಬಿಯ ಹಳೆಯ ಮೊದಲ ರೂಪದಲ್ಲಿದ್ದ ಒಂದು ಬಿರುಕಿನ ಮೂಲಕ ಯಂತ್ರದಿಂದ ಯಂತ್ರಕ್ಕೆ ನುಗ್ಗಿ, ಫೈಲುಗಳನ್ನು ಓದಲಾಗದಂತೆ ಮಾಡಿ, ಬಿಡುಗಡೆಗೆ ಹಣ ಕೇಳುತ್ತಿತ್ತು. ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚಿನಲ್ಲಿಯೇ ಕೊಟ್ಟಿತ್ತು; ಹಚ್ಚಿಕೊಳ್ಳದವರು ಬಹಳ ಇದ್ದರು. ಆ ಹಳೆಯ ರೂಪವನ್ನು ಅಂದಿನಿಂದ ಹೊಸ ವಿಂಡೋಸುಗಳಲ್ಲಿ ಕ್ರಮೇಣ ಕೈಬಿಟ್ಟಿದ್ದಾರೆ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೊ ರೂಪದಲ್ಲಿ, ಹೆಸರಿಲ್ಲದ ಅತಿಥಿಯಾಗಿ ಹೋಗುವುದನ್ನು ಮೊದಲೇ ತಡೆದಿರುತ್ತಾರೆ. ಪ್ರತಿಯೊಂದು ಮಾತಿಗೂ ರುಜು ಬೇಕೆನ್ನುತ್ತಾರೆ. 'ನಿನ್ನೆಯವರೆಗೆ ಬರುತ್ತಿತ್ತು, ವಿಂಡೋಸ್ ಹೊಸದಾದ ಮೇಲೆ ನಿಂತಿತು' ಎಂಬ ದೂರುಗಳಲ್ಲಿ ಕೆಲವಕ್ಕೆ ಕಾರಣ ಇದೇ. ಆ ತಡೆಯನ್ನು ತೆಗೆಯುವ ಉಪಾಯವನ್ನು ಕೇಳುತ್ತ ತಿರುಗುವುದಕ್ಕಿಂತ, ಸಾಂಬಾದ ಪುಸ್ತಕದಲ್ಲಿ ಒಂದು ಹೆಸರು ಬರೆಸಿ, ಗುಪ್ತಪದ ಹಾಕಿದರೆ ಎರಡು ನಿಮಿಷದ ಕೆಲಸ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಒಂದು ಮಾತು. ಲಿನಕ್ಸಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ. ವಿಂಡೋಸಿಗೆ ಎರಡೂ ಒಂದೇ. ಅದರಿಂದಲೂ ಗೊಂದಲಗಳು ಹುಟ್ಟುತ್ತವೆ. ನಮ್ಮ ಲಿಪಿಯಲ್ಲಿ ಆ ಭೇದವೇ ಇಲ್ಲದ್ದರಿಂದ ಆ ಕಾಟ ನಮಗಿಲ್ಲ. ಆದರೆ ಬೇರೊಂದುಂಟು. ಯೂನಿಕೋಡಿನಲ್ಲಿ 'ಕೊ' ಎಂಬಲ್ಲಿಯ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರ ಎಂಬ ಎರಡು ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಮ್ಯಾಕಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕ್ರಮವು ಹೆಸರುಗಳನ್ನು ಬಿಡಿಸಿ ಎರಡಾಗಿ ಇಡುತ್ತಿತ್ತು. ವಿಂಡೋಸಿನಲ್ಲಿ ಒತ್ತಿದ್ದು ಸಾಮಾನ್ಯವಾಗಿ ಒಂದಾಗಿಯೇ ಇರುತ್ತದೆ. ಲಿನಕ್ಸಿಗೆ ಇವೆರಡೂ ಬೇರೆ ಬೇರೆ ಹೆಸರುಗಳು. ಹೀಗಾಗಿ ಒಂದೇ ಫೋಲ್ಡರಿನಲ್ಲಿ 'ಕೊಪ್ಪಳ' ಎಂಬ ಎರಡು ಫೈಲುಗಳು ಅಕ್ಕಪಕ್ಕದಲ್ಲಿ ಕುಳಿತಿರಬಹುದು. ಒಂದನ್ನು ಕೇಳಿದರೆ ಸಿಗುತ್ತದೆ, ಇನ್ನೊಂದು 'ಇಲ್ಲ' ಎನ್ನಿಸಿಕೊಳ್ಳುತ್ತದೆ. ಇದನ್ನು ಅನುಮತಿಯ ತೊಂದರೆಯೆಂದು ತಿಳಿದು ಬಾಗಿಲುಗಳನ್ನೆಲ್ಲ ತೆರೆಯಹೋದವರಿಗೆ ಏನೂ ಸಿಗಲಾರದು. ಹೆಸರನ್ನು ಅಳಿಸಿ ಅದೇ ಯಂತ್ರದಲ್ಲಿ ಮತ್ತೆ ಒತ್ತಿದರೆ ತೀರಿತು.

ಎಲ್ಲವನ್ನೂ ಸರಿಪಡಿಸಿದ ಮೇಲೆ ಪರೀಕ್ಷೆಯನ್ನು ಮುಖ್ಯಾಧಿಕಾರಿಯ ಹೆಸರಿನಿಂದ ಮಾಡಬಾರದು. ಲಿನಕ್ಸಿನಲ್ಲಿ ಅವನಿಗೆ ಸಾಮಾನ್ಯವಾಗಿ ಯಾವ ಬಾಗಿಲೂ ಅಡ್ಡಿಯಲ್ಲ, ಆದ್ದರಿಂದ ಅವನ ಸಾಕ್ಷ್ಯ ನಡೆಯುವುದಿಲ್ಲ. ವಿಂಡೋಸಿನಿಂದ ಅಂಗಡಿಯ ಹುಡುಗನ ಹೆಸರಿನಲ್ಲಿ ಬಂದು ಒಂದು ಫೈಲು ಇಡಬೇಕು, ಇನ್ನೊಬ್ಬನ ಹೆಸರಿನಲ್ಲಿ ಬಂದು ಅದನ್ನು ತಿದ್ದಬೇಕು. ಆಮೇಲೆ ಗುಂಪಿಗೆ ಸೇರದ ಮೂರನೆಯವನ ಹೆಸರಿನಲ್ಲಿ ಬಂದು ಬಾಗಿಲು ತಟ್ಟಿ ನೋಡಬೇಕು. ಅವನಿಗೆ 'ಅನುಮತಿ ಇಲ್ಲ' ಎಂಬ ಉತ್ತರ ಬರಬೇಕು.